ಶನಿವಾರ ರಾತ್ರಿ ವೃದ್ಧಾಶ್ರಮದಲ್ಲಿ ಅಡುಗೆ ಮಾಡಿ ಬಡಿಸಬೇಕು, ಈ ಮೆನು ಸರಿ ಇದೆಯಾ?

ಮೈಸೂರು ಹುಡುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನಲ್ಲಿ ಕೆಲಸ ಮಾಡುವ ಐದಾರು ಸ್ನೇಹಿತರು. ಊರ ಹೊರಗಿನ ಒಂದು ವೃದ್ಧಾಶ್ರಮದಲ್ಲಿ ಮುಂದಿನ ಶನಿವಾರ ರಾತ್ರಿ ಊಟ ನಾವೇ ಅಲ್ಲೇ ಮಾಡಿ ಬಡಿಸೋಣ ಅಂತ ಮಾತಾಡಿಕೊಂಡಿದ್ದೇವೆ. ಅಲ್ಲಿ ಸುಮಾರು 40 ಜನ ಇದ್ದಾರೆ. ಮೇಲ್ವಿಚಾರಕರು ಒಪ್ಪಿದ್ದಾರೆ.

ಮೆನು ಹೀಗಿದೆ: ಪೂರಿ, ಸಾಗು, ವಾಂಗಿಬಾತ್, ಮೊಸರನ್ನ, ಹಪ್ಪಳ, ಜಾಮೂನು. 8.30ಕ್ಕೆ ಬಡಿಸುವ ಲೆಕ್ಕ. ನಮ್ಮಲ್ಲಿ ಒಬ್ಬನಿಗೆ ಮಾತ್ರ ಹತ್ತು ಜನಕ್ಕಿಂತ ಜಾಸ್ತಿ ಜನಕ್ಕೆ ಅಡುಗೆ ಮಾಡಿ ಗೊತ್ತು, ಅದೂ ಟ್ರೆಕ್ಕಿಂಗ್ ಹೋದಾಗ. ಅಳತೆ ಎಷ್ಟು ಹಾಕಬೇಕು? ಬೇರೆ ಏನೇನು ನೋಡಿಕೊಳ್ಳಬೇಕು?

ಸುಮ್ನೆ ಓದುವವ

ಯಾಕೆ ಸುಮ್ನೆ ರಿಸ್ಕು? ಕೇಟರಿಂಗ್‌ನವರಿಗೆ ಹೇಳಿಬಿಡಿ. ಬಿಸಿ ಬಿಸಿ ತಂದು ಇಳಿಸ್ತಾರೆ. ನೀವು ಬಡಿಸಿ, ಒಂದು ಫೋಟೊ ತೆಗೆದುಕೊಂಡು ಬನ್ನಿ. ಕೆಲಸ ಮುಗೀತು.

ಅಡುಗೆಮನೆ ಅಕ್ಕ

ನಾನು ಇಂಥದ್ದೇ ಒಂದು ಮನೆಯ ಅಡುಗೆಯವಳು. ಹಾಸನದ ಕಡೆಯವಳು, ಈಗ ಇರೋದು ಬೆಂಗಳೂರು ಪಕ್ಕ. ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮೆನು ಚೆನ್ನಾಗಿದೆ, ನಿಮ್ಮ ವಯಸ್ಸಿನವರಿಗೆ.

ಮೊದಲು ಗಂಟೆ ನೋಡಿ. ನಮ್ಮಲ್ಲಿ 7ಕ್ಕೆ ತಟ್ಟೆ ಇಡುತ್ತೇವೆ, 8ಕ್ಕೆ ಮಾತ್ರೆ. 8.30ಕ್ಕೆ ಅರ್ಧ ರೂಮುಗಳಲ್ಲಿ ದೀಪ ಆರಿರುತ್ತದೆ. ಹೊರಗಿನವರು ಬಡಿಸುವ ದಿನ ಅಂತೂ ಎಲ್ಲರೂ 6.30ಕ್ಕೇ ಬಂದು ಕೂತಿರುತ್ತಾರೆ. ತಡ ಆಗ್ತಿದೆ ಅಂದರೆ "ಪರವಾಗಿಲ್ಲಪ್ಪ, ನಿಧಾನವಾಗಿ ಆಗಲಿ" ಅಂತಾರೆ. ಅದನ್ನು ನಂಬಬೇಡಿ.

ಎರಡನೆಯದು, ನೀವು ಆರಿಸಿರೋದು ಶನಿವಾರ. ರಾತ್ರಿ ಅನ್ನ ಮುಟ್ಟದವರು ಎಷ್ಟು ಜನ ಅಂತ ಕೇಳಿದ್ರಾ? ಹಳಬರಲ್ಲಿ ಶನಿವಾರ ಒಪ್ಪತ್ತು ಮಾಡುವವರು ತುಂಬಾ ಜನ. ಅವರಿಗೆ ರಾತ್ರಿ ಉಪ್ಪಿಟ್ಟೋ ಅವಲಕ್ಕಿಯೋ ಫಲಾರ. ನಿಮ್ಮ ವಾಂಗಿಬಾತೂ ಅನ್ನ, ಮೊಸರನ್ನವೂ ಅನ್ನ ಅಲ್ವಾ? ಅವರು ಒಂದು ಬಾಳೆಹಣ್ಣು ತಿಂದು ಎದ್ದು ಹೋಗ್ತಾರೆ. ನಿಮಗೆ ಬೇಜಾರಾಗಬಾರದು ಅಂತ ಬಾಯಿ ಬಿಟ್ಟು ಹೇಳೋದೂ ಇಲ್ಲ. ಹಾಗೇ ಏಕಾದಶಿ ಬಿದ್ದಿದೆಯಾ ಅಂತ ಕ್ಯಾಲೆಂಡರ್ ನೋಡಿ. ಚಾತುರ್ಮಾಸ್ಯ ಹಿಡಿಯುವವರಿದ್ದರೆ ಅದು ಬೇರೆ ಲೆಕ್ಕ: ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರರಲ್ಲಿ ಹಾಲಿಲ್ಲ, ನಾಲ್ಕರಲ್ಲಿ ಬೇಳೆಕಾಳಿಲ್ಲ. ನಮ್ಮಲ್ಲಿ ಅಂಥವರು ಇಬ್ಬರಿದ್ದಾರೆ. ಆ ನಾಲ್ಕು ತಿಂಗಳು ನಾನು ಪಂಚಾಂಗ ನೋಡಿಯೇ ಒಲೆ ಹಚ್ಚೋದು.

ಇನ್ನು ಹಲ್ಲು. ಪೂರಿ ತಣ್ಣಗಾದರೆ ಚರ್ಮದ ಹಾಗೆ ಆಗುತ್ತೆ, ನಿಮಗೇ ಎಳೆಯೋದು ಕಷ್ಟ. ನಮ್ಮ ಮೇಷ್ಟ್ರು ಒಬ್ಬರು ಊಟಕ್ಕೆ ಕೂತ ತಕ್ಷಣ ಹಲ್ಲಿನ ಸೆಟ್ ತೆಗೆದು, ಪೇಪರ್ ನ್ಯಾಪ್‌ಕಿನ್‌ನಲ್ಲಿ ಸುತ್ತಿ, ಲೋಟದ ಪಕ್ಕ ಇಟ್ಟುಬಿಡ್ತಾರೆ. ಒಸಡಲ್ಲೇ ತಿನ್ನೋದು ಅವರಿಗೆ ಹಾಯಾಗಿರುತ್ತಂತೆ. ಒಂದು ಸಲ ಸೇವೆಗೆ ಬಂದ ಹುಡುಗರು ತುಂಬಾ ಚುರುಕಾಗಿ ಎಲೆ ಎತ್ತಿದರು. ಎಲೆ, ಲೋಟ, ನ್ಯಾಪ್‌ಕಿನ್, ಎಲ್ಲಾ ಒಟ್ಟಿಗೆ ಚೀಲಕ್ಕೆ! ರಾತ್ರಿ ಹತ್ತರವರೆಗೆ ಟಾರ್ಚ್ ಹಿಡಿದು ಎಂಜಲೆಲೆ ಬಿಡಿಸಿ ಹುಡುಕಿದೆವು. ಸಿಕ್ಕಿತು. ಮೇಷ್ಟ್ರು ಮಾತ್ರ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು "ಆ ಕಡೆ ನೋಡಮ್ಮ, ನನ್ನ ಎಲೆಯಲ್ಲಿ ಉಪ್ಪಿನಕಾಯಿ ಹಾಗೇ ಇತ್ತು" ಅಂತ ಗುರುತು ಹೇಳ್ತಾ ಕೂತಿದ್ದರು. ಅದಕ್ಕೇ ಹೇಳೋದು, ಎಲೆ ಎತ್ತುವ ಮೊದಲು ಸುತ್ತಿಟ್ಟ ಕಾಗದ ಬಿಚ್ಚಿ ನೋಡಿ.

ಕೇಟರಿಂಗ್ ಅಂದ ಅಣ್ಣನಿಗೆ ಒಂದು ಮಾತು. ಮದುವೆ ಊಟದ ಎಣ್ಣೆ, ಖಾರ ತಿಂದು ಮಾರನೆಯ ಬೆಳಿಗ್ಗೆ ಹೊಟ್ಟೆ ಕೆಟ್ಟರೆ ನೋಡಿಕೊಳ್ಳೋದು ನಾವು. ಫೋಟೊ ವಿಷಯಕ್ಕೂ ಅಷ್ಟೇ. ಕೆಲವರ ಊರಲ್ಲಿ, ಅಮ್ಮ ಮಗಳ ಮನೆಯಲ್ಲಿದ್ದಾರೆ ಅಂತಲೇ ಎಲ್ಲರೂ ತಿಳ್ಕೊಂಡಿರುತ್ತಾರೆ. ಫೋಟೊ ಎಲ್ಲೆಲ್ಲಿಗೋ ಹೋಗುತ್ತೆ.

ಆಮೇಲೆ, ಆ ಅಡುಗೆಮನೆಗೂ ನನ್ನಂಥ ಒಬ್ಬಳು ಇರ್ತಾಳೆ. ಮೊದಲೇ ಹೋಗಿ ಅವರನ್ನು ಮಾತಾಡಿಸಿ. ದೊಡ್ಡ ಒಲೆ ಎಷ್ಟಿದೆ, ತಪ್ಪಲೆ ಎಷ್ಟಿದೆ ಅಂತ ಕೇಳಿ. ಸೇವೆ ಮಾಡಿ 9 ಗಂಟೆಗೆ ಹೊರಟುಬಿಡ್ತಾರೆ, ತಳ ಹಿಡಿದ ತಪ್ಪಲೆ ನನ್ನ ಸಿಂಕಿನಲ್ಲಿ ಕೂತಿರುತ್ತೆ. ಪಾತ್ರೆ ತೊಳೆಯೋದೂ ಸೇವೆಯಲ್ಲೇ ಬರುತ್ತೆ ಸ್ವಾಮಿ.

ಮಂಗಳೂರು ಸಿಸ್ಟರ್

ನಾನು ನರ್ಸ್. ಅಕ್ಕ ಗಂಟೆ ಬಗ್ಗೆ ಹೇಳಿದ್ದಕ್ಕೆ ಒಂದು ಕಾರಣ ಸೇರಿಸ್ತೇನೆ. ಕೆಲವು ಇನ್ಸುಲಿನ್ ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುವಂಥದ್ದು. ಕೊಟ್ಟ ಮೇಲೆ "ಇನ್ನೊಂದು ಸ್ವಲ್ಪ ಹೊತ್ತು, ಸಾಗು ಕುದೀತಾ ಇದೆ" ಅಂದರೆ ಶುಗರ್ ಇಳಿದು ಬೆವರು, ನಡುಕ ಶುರುವಾಗುತ್ತದೆ. ಹಾಗಾಗಿ ಊಟ ಸಿದ್ಧ ಅಂತ ನೀವು ಹೇಳಿದ ಮೇಲೆ ಇಂಜೆಕ್ಷನ್ ಕೊಡಲಿ. ಅಲ್ಲಿಯ ಸಿಸ್ಟರ್ ಹತ್ತಿರ ಇದನ್ನು ಮೊದಲೇ ಮಾತಾಡಿಕೊಳ್ಳಿ.

ಪಾರ್ಶ್ವವಾಯು ಆದವರಲ್ಲಿ ಕೆಲವರಿಗೆ ನುಂಗೋದು ಕಷ್ಟ. ಮೆತ್ತಗಿನ ಗಟ್ಟಿ ಊಟಕ್ಕಿಂತ ನೀರು, ತಿಳಿಸಾರೇ ಅವರಿಗೆ ನೆತ್ತಿಗೆ ಹತ್ತೋದು ಜಾಸ್ತಿ. ಯಾರಿಗೆ ಹೇಗೆ ಕೊಡಬೇಕು ಅಂತ ಅಲ್ಲಿಯವರಿಗೆ ಗೊತ್ತಿರುತ್ತದೆ. ತಿನ್ನಿಸುವಾಗ ನೆಟ್ಟಗೆ ಕೂರಿಸಿ, ಚಿಕ್ಕ ಚಮಚ ಹಿಡಿಯಿರಿ, ಒಂದು ತುತ್ತು ಇಳಿದ ಮೇಲೇ ಇನ್ನೊಂದು. ಊಟ ಆಗಿ ಅರ್ಧ ಗಂಟೆ ಮಲಗಿಸಬೇಡಿ.

ಉಪ್ಪು: ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಇಡೀ ದಿನಕ್ಕೆ 5 ಗ್ರಾಂ ಒಳಗೆ. ಹಪ್ಪಳ, ಜೊತೆಗೆ ಉಪ್ಪಿನಕಾಯಿಯೂ ಇಟ್ಟರೆ, ಎರಡರಲ್ಲೇ ಸುಮಾರು ಹೋಗಿಬಿಡುತ್ತದೆ. ಹಾಗಂತ ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪು ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ತೊಂದರೆ ಇರುವವರಿಗೆ ಆಗಲ್ಲ. ಮಾಮೂಲಿ ಉಪ್ಪೇ ಸ್ವಲ್ಪ ಕಡಿಮೆ ಹಾಕಿ.

ಸಿಹಿ ಬಿಟ್ಟುಬಿಡಿ ಅಂತ ನನ್ನ ಅಭಿಪ್ರಾಯ.

ಅಡುಗೆಮನೆ ಅಕ್ಕ

ಸಿಸ್ಟರ್, ಉಳಿದದ್ದೆಲ್ಲ ಒಪ್ಪಿದೆ. ಸಿಹಿ ಮಾತ್ರ ಪೂರ್ತಿ ಬೇಡ ಅನ್ನಬೇಡಿ. 85 ದಾಟಿದ ಅಜ್ಜಿ ಎಲ್ಲರ ಎಲೆ ನೋಡಿ ತನ್ನ ಎಲೆ ನೋಡಿಕೊಳ್ತಾರೆ. ಎರಡು ಚಮಚ ಶಾವಿಗೆ ಪಾಯಸ ಹಾಕಿ ಅಷ್ಟೇ ಅನ್ನ ಕಡಿಮೆ ಮಾಡಿದರಾಗಲ್ವಾ? ಜಾಮೂನು ಮಾತ್ರ ಬೇಡ. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ದಿಂಬಿನ ಕೆಳಗಿಟ್ಟು, ಬೆಳಿಗ್ಗೆ ನೋಡಿದರೆ ಹಾಸಿಗೆ ತುಂಬಾ ಇರುವೆ.

ಮಂಗಳೂರು ಸಿಸ್ಟರ್

ಅನ್ನ ಕಡಿಮೆ ಮಾಡೋದಾದರೆ ಸರಿ ಅಕ್ಕ. ಆದರೆ ಪಾಯಸ ಬಡಿಸುವವರು ಅಲ್ಲಿಯ ಸಿಸ್ಟರ್ ಬರೆದುಕೊಟ್ಟ ಪಟ್ಟಿ ಕೈಯಲ್ಲಿ ಹಿಡಿದೇ ಬಡಿಸಲಿ. "ಇನ್ನೊಂದು ಚೂರು ಹಾಕ್ಕೊಳ್ಳಿ" ಅಂತ ಉಪಚಾರ ಮಾಡೋದು ಪಲ್ಯಕ್ಕಿರಲಿ.

ಮೈಸೂರು ಹುಡುಗ

ತುಂಬಾ ಥ್ಯಾಂಕ್ಸ್ ಅಕ್ಕ, ಸಿಸ್ಟರ್. ಫೋನ್ ಮಾಡಿ ವಿಚಾರಿಸಿದೆ. ಅಲ್ಲೂ ಊಟ 7ಕ್ಕೇ ಅಂತೆ. ಶನಿವಾರ ಫಲಾರ ಮಾಡುವವರು 14 ಜನ! ಹೊಸ ಮೆನು: ಎಲ್ಲರಿಗೂ ಉಪ್ಪಿಟ್ಟು, ಅನ್ನ ತಿನ್ನುವವರಿಗೆ ಅನ್ನ, ಹೆಸರುಬೇಳೆ ತೊವ್ವೆ, ಹೀರೇಕಾಯಿ ಪಲ್ಯ, ಮಜ್ಜಿಗೆ, ಸ್ವಲ್ಪ ಪಾಯಸ, ಏಲಕ್ಕಿ ಬಾಳೆಹಣ್ಣು. ದೇವರಾಜ ಮಾರ್ಕೆಟ್‌ನಿಂದ ಬೆಳಿಗ್ಗೆಯೇ ತರಕಾರಿ ತರ್ತೀವಿ. ಅಳತೆ ಹೇಳ್ತೀರಾ?

ಅಡುಗೆಮನೆ ಅಕ್ಕ

ಈಗ ಊಟದ ಹಾಗಾಯಿತು. ರವೆ 2 ಕೆಜಿ ಸಾಕು, ಎಲ್ಲರಿಗೂ ಬರುತ್ತೆ. ಹದವಾಗಿ ಹುರಿದು, ಒಂದಕ್ಕೆ ಮೂರೂವರೆ ನೀರು ಇಡಿ. ಮನೆಯಲ್ಲಿ ಮಾಡೋದಕ್ಕಿಂತ ಸಡಿಲ ಇರಲಿ, ಉಪ್ಪಿಟ್ಟು ಕೂತ ಹಾಗೆ ಗಟ್ಟಿಯಾಗುತ್ತೆ. ಅದನ್ನು ಕೊನೆಗೇ ಮಾಡಿ, 6.30ಕ್ಕೆ ಒಲೆ ಮೇಲಿರಲಿ. ಒಗ್ಗರಣೆಗೆ ಕಡಲೆಬೇಳೆ ಬೇಡ. ಹಸಿಮೆಣಸಿನಕಾಯಿ ಉದ್ದಕ್ಕೆ ಸೀಳಿ ಹಾಕಿ, ಬೇಡದವರು ತೆಗೆದಿಡ್ತಾರೆ. ಖಾರಕ್ಕೆ ಶುಂಠಿ ಇದ್ದೇ ಇದೆ.

ಅಕ್ಕಿ ಒಂದು ಪಾವಿಗೆ ಮೂರು ಜನ ಅಂತ ಹಿಡಿಯಿರಿ. 26 ಜನಕ್ಕೆ 9 ಪಾವು. ನೀರು ಜಾಸ್ತಿ ಇಟ್ಟು ಮೆತ್ತಗೆ ಮಾಡಿ. ಹೆಸರುಬೇಳೆ 1 ಕೆಜಿ ಒಳಗೇ ಸಾಕು. ಮಜ್ಜಿಗೆ ಹುಳಿ ಬರದ ಹಾಗೆ ಮೊಸರನ್ನು ಸಂಜೆ ಕಡೆದುಕೊಳ್ಳಿ.

ಹೀರೇಕಾಯಿ 4 ಕೆಜಿ ಬೇಕಾಗುತ್ತೆ, ಬೆಂದರೆ ಅರ್ಧ ಇಳಿಯುತ್ತೆ. ಹೆಚ್ಚೋದನ್ನು ನೀವು ಐದು ಜನವೇ ಮಾಡಬೇಡಿ. 4 ಗಂಟೆಗೆ ಹೋಗಿ ಹಾಲ್‌ನಲ್ಲಿ ಚಾಪೆ ಹಾಸಿ ಬುಟ್ಟಿ ಇಡಿ. ಕರೆಯೋದೇ ಬೇಡ, ಅಜ್ಜಿಯರು ತಾವಾಗೇ ಬಂದು ಕೂರ್ತಾರೆ. ನಮ್ಮಲ್ಲಿ ಅವರೆಕಾಯಿ ಕಾಲದಲ್ಲಿ ಹಿದುಕಿದ ಬೇಳೆ ಎಲ್ಲಾ ಅವರ ಕೈಯದ್ದೇ. ಮಾತಾಡ್ತಾ ಮಾತಾಡ್ತಾ ಬೆರಳು ಒತ್ತಿ ಬೇಳೆ ಹಾರಿಸೋದು ನೋಡಬೇಕು, ನನಗೂ ಆ ವೇಗ ಬರಲ್ಲ. ಬೈಸಿಕೊಳ್ಳೋಕೆ ಮಾತ್ರ ತಯಾರಾಗಿರಿ. ನೀವು ಸಿಪ್ಪೆ ದಪ್ಪ ತೆಗೀತೀರಿ ಅಂತ ಖಂಡಿತ ಬೈತಾರೆ. ಸಿಪ್ಪೆ ಎಸೆಯೋಕೂ ಬಿಡಲ್ಲ, ಚಟ್ನಿಗೆ ಎತ್ತಿಡಿ ಅಂತಾರೆ.

ಮತ್ತೆ ಹೀರೇಕಾಯಿ ಒಂದೊಂದರ ತುದಿಯನ್ನೂ ಕೊಯ್ದು ನಾಲಿಗೆಗೆ ಮುಟ್ಟಿಸಿ ನೋಡಿಯೇ ಬುಟ್ಟಿಗೆ ಹಾಕಿ. ಒಂದು ಕಹಿ ಸೇರಿದರೂ ಇಡೀ ತಪ್ಪಲೆ ಚೆಲ್ಲಬೇಕಾಗುತ್ತೆ.