ಮಾಸ್ಟ್ ಇಳಿಸಿದ ಮೇಲೆ ಪ್ಲಾಟರ್‌ನಲ್ಲಿ ಎಐಎಸ್ ಬಂದು ಬಂದು ಹೋಗುತ್ತಿದೆ, ಏನು ಮಾಡಲಿ?

ಪ್ರಶ್ನೆ:
ಹಾಯಿದೋಣಿ ಈಗ ದಡದ ಮೇಲಿದೆ, ಮಾಸ್ಟ್ (ಹಾಯಿ ಕಟ್ಟುವ ಕಂಬ) ಇಳಿಸಿ ಪಕ್ಕದಲ್ಲಿ ಮಲಗಿಸಿದ್ದೇನೆ. ಸೀಸನ್ ಶುರುವಾಗುವ ಮೊದಲೇ ಮುಗಿಸೋಣ ಅಂತ ಹಳೇ ಎನ್‌ಎಂಇಎ 2000 ನೆಟ್‌ವರ್ಕ್‌ಗೆ (ದೋಣಿಯ ಉಪಕರಣಗಳನ್ನು ಒಂದಕ್ಕೊಂದು ಜೋಡಿಸುವ ಕೇಬಲ್ ವ್ಯವಸ್ಥೆ) ಹೊಸ ಚಾರ್ಟ್‌ಪ್ಲಾಟರ್ (ನಕ್ಷೆ ತೋರಿಸುವ ಪರದೆ), ಎಐಎಸ್ (ಹಡಗು ದೋಣಿಗಳು ತಾವಿರುವ ಜಾಗವನ್ನು ರೇಡಿಯೋದಲ್ಲಿ ಹಂಚಿಕೊಳ್ಳುವ ಸಾಧನ), ಆಳ ಅಳೆಯುವ ಡೆಪ್ತ್ ಸೆನ್ಸರ್ ಸೇರಿಸಿದೆ. ಕರೆಂಟ್ ಸರಿಯಾಗಿದೆ, 12.6 ವೋಲ್ಟ್ ಬರುತ್ತಿದೆ. ಆದರೆ ಪ್ಲಾಟರ್ ಪಟ್ಟಿಯಲ್ಲಿ ಎಐಎಸ್ ಒಮ್ಮೆ ಕಾಣುತ್ತದೆ, ಸ್ವಲ್ಪ ಹೊತ್ತಿಗೆ ಮಾಯ. ಆಳದ ಜಾಗದಲ್ಲಿ ಬರೀ ಗೆರೆ. ದಿಕ್ಸೂಚಿಯೂ ತಪ್ಪು ತೋರಿಸುತ್ತಿದೆ. ಎಐಎಸ್ಸೇ ಕೆಟ್ಟಿದೆಯಾ? ವಾಪಸ್ ಕಳಿಸಲಾ?

ಉತ್ತರ:
ಈಗಲೇ ಏನನ್ನೂ ವಾಪಸ್ ಕಳಿಸಬೇಡಿ. ಗಾಳಿ ಅಳೆಯುವ ಸೆನ್ಸರ್ ಮಾಸ್ಟ್ ತುದಿಯಲ್ಲಿದೆ ಅಲ್ವಾ? ನನ್ನ ಅನುಮಾನ ಅಲ್ಲೇ. ಈ ನೆಟ್‌ವರ್ಕ್‌ನ ಮುಖ್ಯ ಕೇಬಲ್‌ನ ಎರಡು ತುದಿಗೂ ಒಂದೊಂದು 120 ಓಮ್ ಟರ್ಮಿನೇಟರ್ (ಸಿಗ್ನಲ್ ತುದಿಗೆ ಬಡಿದು ವಾಪಸ್ ಬಾರದಂತೆ ತಡೆಯುವ ರೆಸಿಸ್ಟರ್) ಇರಲೇಬೇಕು. ಪಕ್ಕಕ್ಕೆ ಹೋಗುವ ಡ್ರಾಪ್ ಕೇಬಲ್ 6 ಮೀಟರ್ ದಾಟಬಾರದು, ಮಾಸ್ಟ್ ಅದಕ್ಕಿಂತ ಉದ್ದ ಇರುತ್ತದೆ, ಹಾಗಾಗಿ ಎಷ್ಟೋ ದೋಣಿಗಳಲ್ಲಿ ಮಾಸ್ಟ್ ಒಳಗಿನ ಕೇಬಲ್ಲೇ ಮುಖ್ಯ ಕೇಬಲ್‌ನ ಕೊನೆ ಭಾಗ ಆಗಿರುತ್ತದೆ, ಟರ್ಮಿನೇಟರ್ ಕೂಡ ಮೇಲೆ ತುದಿಯಲ್ಲೇ ಕೂತಿರುತ್ತದೆ. ಮಾಸ್ಟ್ ಬಿಚ್ಚಿದರೆ ಅದೂ ಹೋಯಿತು.

ಪರೀಕ್ಷೆ ಸುಲಭ. ಮೊದಲು ನೆಟ್‌ವರ್ಕ್‌ನ ಪವರ್ ಪೂರ್ತಿ ಆಫ್ ಮಾಡಿ. ಮುಖ್ಯ ಕೇಬಲ್‌ಗೆ ಡ್ರಾಪ್ ಸೇರುವ ಒಂದು ಟಿ ಕನೆಕ್ಟರ್‌ನಿಂದ ಡ್ರಾಪ್ ಕೇಬಲ್ ಬಿಚ್ಚಿ, ಆ ಟಿಯಲ್ಲೇ ಬಿಳಿ ಮತ್ತು ನೀಲಿ ತಂತಿಯ ಪಿನ್‌ಗಳ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಸುಮಾರು 60 ಓಮ್ ಬಂದರೆ ಎರಡೂ ಟರ್ಮಿನೇಟರ್ ಇವೆ. 120 ಬಂದರೆ ಒಂದು ಇಲ್ಲ.

ಡೆಪ್ತ್ ಬಗ್ಗೆ ಚಿಂತೆ ಬೇಡ, ಸೆನ್ಸರ್ ನೀರಿನಲ್ಲಿ ಇಲ್ಲದಿದ್ದರೆ ಗೆರೆಯೇ ಬರೋದು. ಅದರಲ್ಲಿ ಉಷ್ಣಾಂಶ ಅಳೆಯುವ ಸೌಲಭ್ಯ ಇದ್ದರೆ ಆ ಅಂಕಿ ಬರುತ್ತದಾ ನೋಡಿ, ಬಂದರೆ ವೈರಿಂಗ್ ಸರಿ ಅಂತ ಅರ್ಥ. ದಿಕ್ಸೂಚಿಯನ್ನೂ ಈಗ ಸರಿಮಾಡಲು ಹೋಗಬೇಡಿ. ದೋಣಿಗೆ ಆಸರೆ ಕೊಟ್ಟಿರುವ ಉಕ್ಕಿನ ಸ್ಟ್ಯಾಂಡ್‌ಗಳೇ ಅದನ್ನು ಎಳೆಯುತ್ತಿರಬಹುದು. ನೀರಿಗಿಳಿಸಿದ ಮೇಲೆ ನಿಧಾನವಾಗಿ ಸುತ್ತು ಹೊಡೆದು ಕ್ಯಾಲಿಬ್ರೇಟ್ ಮಾಡಿ. ಈಗ ನೋಡಬೇಕಾದ್ದು ಅದರ ಜಾಗ ಮಾತ್ರ: ಸ್ಪೀಕರ್ ಹತ್ತಿರ ಬೇಡ, ಪಕ್ಕದಲ್ಲಿ ಹೋಗುವ ಬ್ಯಾಟರಿ ತಂತಿಗಳಿದ್ದರೆ ಪ್ಲಸ್ ಮೈನಸ್ ಎರಡನ್ನೂ ಒಂದಕ್ಕೊಂದು ಹೊಸೆದು ಬಿಡಿ, ಆಗ ಅವುಗಳ ಕಾಂತಕ್ಷೇತ್ರ ಬಹುಪಾಲು ಕಳೆದುಹೋಗುತ್ತದೆ.

ಇನ್ನೊಂದು, ಇದು ನಿಜಕ್ಕೂ ಮುಖ್ಯ. ಎಐಎಸ್‌ನ ಆಂಟೆನಾ ಕೂಡ ಮಾಸ್ಟ್ ಮೇಲಿದ್ದರೆ ಅದೂ ಈಗ ಬಿಚ್ಚಿರುತ್ತದೆ. ಆಂಟೆನಾ ಇಲ್ಲದೆ ಪ್ರಸಾರ ಮಾಡಿದರೆ ಟ್ರಾನ್ಸ್‌ಮಿಟರ್ ಹಾಳಾಗಬಹುದು. ಪ್ರಸಾರ ನಿಲ್ಲಿಸುವ ಸೈಲೆಂಟ್ ಮೋಡ್‌ಗೆ ಹಾಕಿಡಿ.

ಪ್ರಶ್ನೆ ಕೇಳಿದವರು:
ಅಳೆದೆ, 120 ಓಮ್ ಬಂತು! ಮಾಸ್ಟ್ ಬುಡದ ಕನೆಕ್ಟರ್‌ಗೆ ಸದ್ಯಕ್ಕೆ ಒಂದು ಟರ್ಮಿನೇಟರ್ ಹಾಕಿದೆ, ಈಗ 60. ಎಐಎಸ್ ಬಿಟ್ಟುಹೋಗದೆ ಕಾಣುತ್ತಿದೆ. ಸೈಲೆಂಟ್ ಮೋಡ್ ಕೂಡ ಹಾಕಿದೆ. ತುಂಬಾ ಥ್ಯಾಂಕ್ಸ್ ಸರ್. ಒಂದು ಟರ್ಮಿನೇಟರ್ ಇಲ್ಲದೆಯೂ ಒಮ್ಮೊಮ್ಮೆ ಕೆಲಸ ಮಾಡುತ್ತಿದ್ದದ್ದು ಹೇಗೆ?

ಉತ್ತರ:
ಸಿಗ್ನಲ್ ತೆರೆದ ತುದಿಗೆ ಬಡಿದು ವಾಪಸ್ ಬಂದು ಮುಂದಿನ ಸಿಗ್ನಲ್ ಜೊತೆ ಕಲಸಿಹೋಗುತ್ತದೆ. ಕೇಬಲ್ ಗಿಡ್ಡ ಇದ್ದರೆ ಕೆಲವು ಸಂದೇಶ ಪಾರಾಗುತ್ತವೆ, ಕೆಲವು ಇಲ್ಲ. ಅದಕ್ಕೇ ಉಪಕರಣ ಕೆಟ್ಟಿದೆ ಅನ್ನಿಸೋದು. ಮಾಸ್ಟ್ ಮತ್ತೆ ನಿಲ್ಲಿಸುವ ದಿನ ಬುಡದ ಟರ್ಮಿನೇಟರ್ ಮರೆಯದೆ ತೆಗೆಯಿರಿ. ಮೂರಾದರೆ ಮೀಟರ್ 40 ಓಮ್ ತೋರಿಸುತ್ತದೆ. ನೆನಪಿಗೆ ಬುಡದ ಆ ಟರ್ಮಿನೇಟರ್‌ಗೆ ಒಂದು ಕೆಂಪು ಟೇಪ್ ಸುತ್ತಿ ಇಡಿ.