ಗ್ಯಾಸ್ ಬಂದರೂ ಬಚ್ಚಲ ಒಲೆ ಯಾಕೆ ಆರಲಿಲ್ಲ?

ತುಂಗಾತೀರ: ಪರಿಸರಕ್ಕೆ ಒಗ್ಗುವ ಬದುಕಿನ ಕಡೆಗೆ ಸಮಾಜ ಹೇಗೆ ಹೊರಳುತ್ತದೆ? ಸಂಶೋಧಕರು ಇದನ್ನು ಮೂರು ಮಟ್ಟದಲ್ಲಿ ನೋಡುತ್ತಾರೆ. ಹಾಯಿಹಡಗು ಹೋಗಿ ಉಗಿಹಡಗು ಬಂದದ್ದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಫ್ರಾಂಕ್ ಗೀಲ್ಸ್ 2002ರಲ್ಲಿ ವಿವರಿಸಿದರು. ಎಲ್ಲೋ ಮೂಲೆಯಲ್ಲಿ ಹೊಸದೊಂದು ಸಣ್ಣದಾಗಿ ಬೆಳೆಯುತ್ತದೆ. ನಡುವೆ ಬೇರೂರಿದ ವ್ಯವಸ್ಥೆ ಇರುತ್ತದೆ. ಯುದ್ಧ, ಹವಾಮಾನದಂಥ ದೊಡ್ಡ ಒತ್ತಡ ಮೂರನೇ ಮಟ್ಟ; ಅದು ಬಿದ್ದು ನಡುವಿನ ವ್ಯವಸ್ಥೆ ಸಡಿಲವಾದಾಗ ಹೊಸದು ಒಳಗೆ ನುಗ್ಗುತ್ತದೆ. ನಮ್ಮ ಮಲೆನಾಡಲ್ಲೂ ಅಷ್ಟೇ. ಸೌದೆ ಹೋಯಿತು, ಗ್ಯಾಸ್ ಬಂತು. ಅಲ್ವಾ?

ತೋಟದಮನೆ: "ಸೌದೆ ಹೋಯಿತು"? ಯಾರ ಮನೆಯಲ್ಲಿ ಸಾರ್? ಬೆಳಿಗ್ಗೆ ಆರಕ್ಕೆ ತೀರ್ಥಹಳ್ಳಿ ಕಡೆ ಬನ್ನಿ, ಹೆಂಚಿನ ಸಂದಿಯಲ್ಲಿ ಹೊಗೆ ಕಾಣುತ್ತದೆ. ಅಡುಗೆಮನೆಯಲ್ಲಿ ಸಿಲಿಂಡರ್. ಬಚ್ಚಲಲ್ಲಿ ಹಂಡೆ, ಅದರಡಿಗೆ ಒಣ ಸೋಗೆ, ತೆಂಗಿನ ಸಿಪ್ಪೆ.

ತುಂಗಾತೀರ: ಅದು ಪಳೆಯುಳಿಕೆ. ಬಡವರ ಮನೆಗೆ ಗ್ಯಾಸ್ ಕೊಡುವ ಉಜ್ವಲಾ ಯೋಜನೆ ಶುರುವಾದದ್ದೇ 2016ರಲ್ಲಿ. ಸ್ವಲ್ಪ ಕಾಯಿರಿ.

ಘಟ್ಟದಮೇಲೆ: "ಪಳೆಯುಳಿಕೆ" ಅಂತೆ! ಸಮಾಜಶಾಸ್ತ್ರಜ್ಞೆ ಎಲಿಜಬೆತ್ ಶೋವ್ 2010ರಲ್ಲೇ ಬರೆದರು, ಜನರ ಮನಸ್ಸು ತಿದ್ದಿದರೆ ನಡವಳಿಕೆ ತಾನಾಗೇ ಬದಲಾಗುತ್ತದೆ ಅನ್ನೋದು ತೀರಾ ಸರಳ ಲೆಕ್ಕ ಅಂತ. ಸಾಮಾನು, ರೂಢಿ, ಕೈಗೆ ಹತ್ತಿದ ಕೆಲಸ ಎಲ್ಲ ಹೆಣೆದುಕೊಂಡಿರುತ್ತವೆ. ಮಳೆಗಾಲದಲ್ಲಿ ಒದ್ದೆ ಬಟ್ಟೆ ಒಣಗೋದು ಆ ಒಲೆ ಮೇಲಿನ ಹಗ್ಗದಲ್ಲಿ. ಬೂದಿ ಗೊಬ್ಬರದ ಗುಂಡಿಗೆ. ಸಿಲಿಂಡರ್ ಬೂದಿ ಕೊಡುತ್ತಾ?

ಸಾಗರದ ಎಂಜಿನಿಯರ್: ಬೂದಿ ಬೇಕು ಅಂತ ಮನೆಯವರು ಹೊಗೆ ಕುಡಿಯಬೇಕಾ? ಸೋಲಾರ್ ಹಾಕಿಸಿ, ಮುಗೀತು.

ತೋಟದಮನೆ: ಸೋಲಾರ್! ಜುಲೈನಲ್ಲಿ ಆಗುಂಬೆಯಲ್ಲಿ ಸೂರ್ಯ ಕಂಡರೆ ಒಂದು ಫೋಟೊ ಹಾಕಿ ಮಾರಾಯ್ರೆ.

ಸಾಗರದ ಎಂಜಿನಿಯರ್: ಉಳಿದ ಎಂಟು ತಿಂಗಳು ಬಿಸಿಲಿಲ್ವಾ? ಅದೂ ಬೇಡ ಅಂದರೆ ಅಸ್ತ್ರ ಒಲೆ ಇದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯವರದ್ದು. ಸೌದೆ ಕಡಿಮೆ, ಹೊಗೆ ಕೊಳವೆಯಲ್ಲಿ ಹೊರಗೆ.

ಘಟ್ಟದಮೇಲೆ: ಆ ಕೊಳವೆಯ ಮಸಿ ತೆಗೆಯೋರು ಯಾರು? ನೀವು ಬರ್ತೀರಾ?

ಸಾಗರದ ಎಂಜಿನಿಯರ್: ಮಸಿ ತೆಗೆಯೋಕೂ ಸೋಮಾರಿತನ ಇರೋರು ಪರಿಸರದ ಬಗ್ಗೆ ಮಾತಾಡಬಾರದು.

ಘಟ್ಟದಮೇಲೆ: ಸೋಮಾರಿಗಳಾ? ಅಡಿಕೆ ಸುಗ್ಗಿಯಲ್ಲಿ ರಾತ್ರಿ ಹನ್ನೊಂದರವರೆಗೆ ಸುಲಿಯೋ ಹೆಂಗಸರಿಗೆ ಬಂದು ಹೇಳಿ ಈ ಮಾತು. ಮುಖಕ್ಕೆ ಹೇಳಿ.

ಕಾಗೋಡು ಕಡೆಯವ: ಒಂದು ನಿಮಿಷ. ಒಲೆ ಬಿಡಿ. ಈ ಮೂರು ಮಟ್ಟದ ಚಿತ್ರದಲ್ಲಿ ಜಗಳ ಎಲ್ಲಿದೆ? ಯಾರ ಕೈಯಲ್ಲಿ ಅಧಿಕಾರ ಅನ್ನೋದೇ ಕಾಣಲ್ಲ ಅಂತ ಬೇರೆ ಸಂಶೋಧಕರೂ ತಕರಾರು ತೆಗೆದಿದ್ದಾರೆ. 1951ರಲ್ಲಿ ಕಾಗೋಡಿನ ಗೇಣಿದಾರರು ಒಡೆಯರು ಗೇಣಿ ಭತ್ತ ಅಳೆಯುತ್ತಿದ್ದ ದೊಡ್ಡ ಕೊಳಗಕ್ಕೆ ಎದುರು ನಿಂತರು. 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಕಾಡು ಕಡಿಯೋದನ್ನು ತಡೆಯೋಕೆ ಜನ ಮರ ಅಪ್ಪಿಕೊಂಡರು. ಮೂಲೆಯಲ್ಲಿ ತಣ್ಣಗೆ ಬೆಳೆದದ್ದಾ ಅದು?

ತುಂಗಾತೀರ: ಅದಕ್ಕೂ ಸಂಶೋಧನೆ ಇದೆ. ಡೇಮನ್ ಸೆಂಟೋಲಾ ತಂಡ 2018ರಲ್ಲಿ ತೋರಿಸಿತು, ನೂರಕ್ಕೆ 25 ಜನ ಪಟ್ಟು ಹಿಡಿದರೆ ಉಳಿದವರೂ ಹೊರಳುತ್ತಾರೆ.

ಕಾಗೋಡು ಕಡೆಯವ: ಅವರು ಮಾಡಿಸಿದ್ದು ಇಂಟರ್ನೆಟ್ಟಲ್ಲಿ ಫೋಟೊದ ಮುಖಕ್ಕೆ ಹೆಸರಿಡುವ ಆಟ. ಸುಮ್ನೆ ಅದನ್ನು ಗೇಣಿ ಹೋರಾಟಕ್ಕೆ ತಂದು ಅಂಟಿಸಬೇಡಿ.

ತೋಟದಮನೆ: 25 ಅಂದ್ರಲ್ಲ, ನಮ್ಮ ಊರಲ್ಲಿ ಅದಕ್ಕಿಂತ ಜಾಸ್ತಿ ಮನೆಯಲ್ಲಿ ಗೋಬರ್ ಗ್ಯಾಸ್ ಇತ್ತು. ಕೊಟ್ಟಿಗೆ ಖಾಲಿಯಾಯಿತು, ಗುಂಡಿಯೊಳಗೆ ಈಗ ಕಳೆ ಬೆಳೆದಿದೆ. ಯಾರೂ ಮನಸ್ಸು ಬದಲಾಯಿಸಿದ್ದಲ್ಲ. ದನ ಕಟ್ಟೋರು ಇಲ್ಲ, ಅಷ್ಟೇ.

ಸಾಗರದ ಎಂಜಿನಿಯರ್: ದನ ಇಲ್ಲದಿದ್ದರೆ ಗೀಸರ್ ಹಾಕಿ ಸ್ವಾಮಿ. ಶರಾವತಿ ಕರೆಂಟ್ ಇಲ್ಲೇ ಹುಟ್ಟೋದು.

ಘಟ್ಟದಮೇಲೆ: ಹುಟ್ಟೋದು ಇಲ್ಲಿ, ಹೋಗೋದು ಎಲ್ಲಿಗೆ? ಮಳೆ ಹಿಡಿದರೆ ನಮಗೆ ಮೂರು ದಿನ ಕರೆಂಟಿಲ್ಲ. ಮೊದಲು ಸೋಮಾರಿ ಅಂದದ್ದನ್ನು ವಾಪಸ್ ತಗೊಳ್ಳಿ.

ಸಾಗರದ ಎಂಜಿನಿಯರ್: ಮಸಿ ತೆಗೆದ ಮೇಲೆ.

ತುಂಗಾತೀರ: ಮೂರನೇ ಮಟ್ಟದ ಬಗ್ಗೆ ಇನ್ನೂ ಯಾರೂ ಮಾತಾಡಿಲ್ಲ.