ಅಪ್‌ಡೇಟ್: ಮಗಳ ಬೇರಿಯಂ ಎಕ್ಸ್‌ರೇ ಆಯಿತು

ಐದು ವರ್ಷದ ಮಗಳಿಗೆ ಊಟ ಆದ ಮೇಲೆ ಪದೇ ಪದೇ ವಾಂತಿ, ಬೇರಿಯಂ (ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬಿಳಿ ದ್ರವ) ಕುಡಿಸಿ ಹೊಟ್ಟೆಯ ಎಕ್ಸ್‌ರೇ ತೆಗೀಬೇಕು ಅಂದಿದ್ದಾರೆ, ಅವಳನ್ನು ಹೇಗೆ ರೆಡಿ ಮಾಡೋದು ಅಂತ ಕೇಳಿದ್ದೆ ಅಲ್ವಾ. ಮೊನ್ನೆ ಮುಗಿಯಿತು.

ಕಷ್ಟ ಆಗಿದ್ದು ಎಕ್ಸ್‌ರೇಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾಗಿದ್ದು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಸುಂಟಿಕೊಪ್ಪ ದಾಟುವಷ್ಟರಲ್ಲೇ ಕಡುಬು ಬೇಕು ಅಂತ ಅಳು ಶುರು, ನನಗೂ ಕಣ್ಣಲ್ಲಿ ನೀರು ಬಂತು. ಪಾಪ, ಅವಳಿಗೇನು ಗೊತ್ತು. ನಿಮ್ಮೂರು ದೂರ ಇದ್ದರೆ ಬೆಳಿಗ್ಗೆಯ ಮೊದಲ ಸಮಯವನ್ನೇ ಕೇಳಿ, ಮಗು ನಿದ್ದೆಯಲ್ಲಿರುವಾಗಲೇ ಹೊರಡಿ.

ನಿಮ್ಮಲ್ಲೊಬ್ಬರು ಹೇಳಿದ ಹಾಗೆ ನಾಲ್ಕು ದಿನ ಮನೆಯಲ್ಲೇ ಆಟ ಆಡಿಸಿದೆವು. ಮಂಚದ ಮೇಲೆ ಮಲಗಿ ಸ್ಟ್ರಾದಲ್ಲಿ ಗಟ್ಟಿ ಮಜ್ಜಿಗೆ ಕುಡಿಯೋದು, ನಾನು "ಅಲ್ಲಾಡಬೇಡ" ಅಂದಾಗ ಗೊಂಬೆ ಥರ ಇರೋದು, ಆಮೇಲೆ ಆ ಕಡೆ ಈ ಕಡೆ ಹೊರಳೋದು. ಇದು ತುಂಬಾ ಸಹಾಯ ಆಯಿತು. ರುಚಿ ಚೆನ್ನಾಗಿರುತ್ತೆ ಅಂತ ಸುಳ್ಳು ಹೇಳಲಿಲ್ಲ, ಸುಣ್ಣದ ನೀರಿನ ಥರ ಬೆಳ್ಳಗೆ ಇರುತ್ತೆ, ಸೂಜಿ ಇಲ್ಲ ಅಂತ ಮಾತ್ರ ಹೇಳಿದೆ.

ಹೆಂಡತಿ ಬಸುರಿ, ಹಾಗಾಗಿ ಅವಳನ್ನು ಒಳಗೆ ಬಿಡಲಿಲ್ಲ. ಸೀಸದ ಏಪ್ರನ್ ಹಾಕಿಕೊಂಡು ನಾನೇ ಕೈ ಹಿಡಿದು ನಿಂತೆ. ಬೇರಿಯಂ ಗಂಟಲಿಂದ ಇಳಿಯೋದು ಪರದೆ ಮೇಲೆ ಕಾಣುತ್ತಿತ್ತು, ಅದನ್ನು ನೋಡುತ್ತಾ ಮಗಳು ಅಳೋದನ್ನೇ ಮರೆತಳು.

ಮಲ ಎರಡು ದಿನ ಬೆಳ್ಳಗೆ ಹೋಯಿತು, ಗಾಬರಿ ಬೇಡ, ಅದು ಬೇರಿಯಂ. ಮಲ ಗಟ್ಟಿಯಾಗದಿರಲಿ ಅಂತ ನೀರು ಜಾಸ್ತಿ ಕೊಟ್ಟೆವು.

ಹೊಟ್ಟೆಯಿಂದ ಅನ್ನನಾಳಕ್ಕೆ ವಾಪಸ್ ಬರುತ್ತಿದೆಯಂತೆ, ಕರುಳಿನಲ್ಲಿ ಅಡ್ಡಿ ಏನೂ ಇಲ್ಲ. ಔಷಧಿ ಶುರುವಾಗಿದೆ. ಧೈರ್ಯ ಹೇಳಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.